ಬೆಳಗಿನ ಎಲೆಯ ಹುಳಿ

ನಮ್ಮ ವಿಭಾಗಕ್ಕೆ ಹೊಸದಾಗಿ ಸೇರಿದ ಉಪನ್ಯಾಸಕಿಯೊಬ್ಬರು ಮೊನ್ನೆ ಫೋನ್ ಮಾಡಿದ್ದರು. "ಸರ್, ದ್ಯುತಿಸಂಶ್ಲೇಷಣೆ ಪಾಠ ನನ್ನ ಪಾಲಿಗೆ ಬಂದಿದೆ. ನೀವು ಇಷ್ಟು ವರ್ಷ ಮಾಡಿದೋರು. ಎಲ್ಲಿಂದ ಶುರು ಮಾಡ್ಲಿ ಹೇಳಿ" ಎಂದು ಕೇಳಿದರು. ನಾನು ಏನೋ ಎರಡು ಮಾತು ಹೇಳಿ ಮುಗಿಸಿದೆ. ಫೋನ್ ಇಟ್ಟ ಮೇಲೆ ಸಮಾಧಾನವಾಗಲಿಲ್ಲ. ಆ ಪಾಠವನ್ನು ನನಗೆ ಕಲಿಸಿದವರು ಗಿರಿಜಾ ಮೇಡಂ. ಅವರನ್ನು ಬಿಟ್ಟು ಆ ಪಾಠದ ಬಗ್ಗೆ ಮಾತನಾಡುವುದು ನನ್ನಿಂದ ಆಗುವುದಿಲ್ಲ. ಆದ್ದರಿಂದ ಆ ಹುಡುಗಿಗೆ, ಮತ್ತು ಅವಳಂತೆ ಈಗ ಈ ಕೆಲಸಕ್ಕೆ ಬರುತ್ತಿರುವವರಿಗೆ, ನೆನಪಾದಷ್ಟನ್ನು ಬರೆಯುತ್ತಿದ್ದೇನೆ.

ನಾನು ಮೈಸೂರಿನ ಒಂದು ಪದವಿ ಕಾಲೇಜಿಗೆ ಸಸ್ಯಶಾಸ್ತ್ರದ ಮೇಷ್ಟ್ರಾಗಿ ಸೇರಿ ಅಲ್ಲಿಯೇ ನಿವೃತ್ತನಾದವನು. ನಮ್ಮೂರು ಮಂಡಕಳ್ಳಿಯಿಂದ ಇನ್ನೂ ಸ್ವಲ್ಪ ಆಚೆ. ಮನೆಯಲ್ಲಿ ಬೇಸಾಯ. ನಾನು ಸೇರಿದಾಗ ಗಿರಿಜಾ ಮೇಡಂ ವಿಭಾಗದ ಮುಖ್ಯಸ್ಥರಾಗಿದ್ದರು. ಲಕ್ಷ್ಮೀಪುರಂನವರು, ಮಠಕ್ಕೆ ನಡೆದುಕೊಳ್ಳುವ ಮನೆತನ. ಹಣೆಯಲ್ಲಿ ತೆಳ್ಳಗಿನ ವಿಭೂತಿ, ನೂಲಿನ ಸೀರೆ, ಕೈಯಲ್ಲಿ ಗಂಡಸರು ಕಟ್ಟುವಂಥ ದೊಡ್ಡ ಗಡಿಯಾರ. ಮದುವೆಯಾಗಿರಲಿಲ್ಲ. ತಂಗಿ ಶಾರದಮ್ಮನವರ ಜೊತೆ ಇದ್ದರು. ಶಾರದಮ್ಮನವರಿಗೂ ಮದುವೆಯಾಗಿರಲಿಲ್ಲ, ಮನೆಯ ಮುಂದಿನ ಕೋಣೆಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದರು. ಅಡುಗೆ, ಅಂಗಡಿ, ಔಷಧಿ, ಎಲ್ಲವೂ ಶಾರದಮ್ಮನವರದೇ. ಮೇಡಂಗೆ ಅಕ್ಕಿಯ ಡಬ್ಬ ಯಾವ ಮೂಲೆಯಲ್ಲಿದೆ ಎಂಬುದೂ ಗೊತ್ತಿರಲಿಲ್ಲವೆಂದು ಕಾಲೇಜಿನಲ್ಲಿ ತಮಾಷೆ ಮಾಡುತ್ತಿದ್ದರು.

ಮೊದಲ ವರ್ಷವೇ ನನಗೆ ಅರ್ಧ ಎಲೆಯ ಪ್ರಯೋಗ ಬಂತು. ಕುಂಡದ ಗಿಡವನ್ನು ಕತ್ತಲ ಕೋಣೆಯಲ್ಲಿಟ್ಟು ಎಲೆಯಲ್ಲಿರುವ ಪಿಷ್ಟವೆಲ್ಲ ಖಾಲಿಯಾಗುವಂತೆ ಮಾಡುವುದು. ಆಮೇಲೆ ಒಂದು ಎಲೆಯ ಅರ್ಧವನ್ನು ಬಾಟಲಿಯೊಳಗೆ ತೂರಿಸಿ, ಉಳಿದರ್ಧವನ್ನು ಹೊರಗೆ ಬಿಟ್ಟು ಬಿಸಿಲಿಗಿಡುವುದು. ಬಾಟಲಿಯೊಳಗಿನ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರುವುದಕ್ಕೆ ಅಲ್ಲಿ ಕ್ಷಾರ ಹಾಕಿರುತ್ತೇವೆ. ಸಂಜೆ ಎಲೆಯ ಬಣ್ಣ ತೆಗೆದು ಅಯೋಡಿನ್ ಹಾಕಿದರೆ ಹೊರಗಿದ್ದ ಅರ್ಧ ಕಡುನೀಲಿಯಾಗಬೇಕು, ಒಳಗಿದ್ದ ಅರ್ಧ ಹಾಗೇ ಉಳಿಯಬೇಕು. ನನ್ನ ಎಲೆ ಪೂರ್ತಿ ನೀಲಿಯಾಗಿಬಿಟ್ಟಿತು. ವಿದ್ಯಾರ್ಥಿಗಳು ಪೆನ್ನು ಹಿಡಿದು, "ಸಾರ್, ಏನ್ ಬರ್ಕೊಳೋದು?" ಎಂದು ನನ್ನ ಮುಖ ನೋಡಿದರು. ಬಾಗಿಲಲ್ಲಿ ನಿಂತಿದ್ದ ಮೇಡಂ ಒಳಗೆ ಬಂದು ಬಾಟಲಿಯ ಕಾರ್ಕನ್ನು ತಿರುಗಿಸಿ ನೋಡಿದರು.

"ಬಂದಿದ್ದನ್ನೇ ಬರೀರಿ. ಎಲೆ ಪೂರ್ತಿ ನೀಲಿಯಾಯ್ತು ಅಂತ. ಯಾಕೆ ಅಂತ ಕೆಳಗೆ ಬರೀರಿ. ಇಲ್ನೋಡಿ, ಕಾರ್ಕಿನ ಸುತ್ತ ವ್ಯಾಸಲೀನ್ ಸರಿಯಾಗಿ ಕೂತಿಲ್ಲ. ಹೊರಗಿನ ಗಾಳಿ ಒಳಗೆ ಹೋಗಿದೆ" ಎಂದರು.

ಮಕ್ಕಳು ಹೋದ ಮೇಲೆ ನಾನು ಕ್ಷಮೆ ಕೇಳಿದೆ. "ಅಯ್ಯೋ ಬುಡಿ ಮಹದೇವ್, ನಂದು ಮೊದಲನೇ ವರ್ಷ ಗಿಡಾನೇ ಸತ್ತೋಗಿತ್ತು" ಎಂದು ನಕ್ಕರು. ಆವತ್ತಿನಿಂದ ಅವರ ಬಗ್ಗೆ ಇದ್ದ ಹೆದರಿಕೆ ಹೋಯಿತು.

ಪಾಠವೆಂದರೆ ಕಪ್ಪು ಹಲಗೆಯ ಮೇಲೆ ಬಾಣದ ಗುರುತುಗಳನ್ನು ಎಳೆಯುವುದು ಎಂದು ನಾನು ತಿಳಿದಿದ್ದೆ. ಮೇಡಂ ಹಾಗಲ್ಲ. "ನಿಮ್ಮೂರಲ್ಲಿ ರಾಗಿ ಜೊತೆ ಅವರೆ ಹಾಕ್ತಾರಲ್ವಾ? ಮಕ್ಕಳನ್ನ ಕರ್ಕೊಂಡು ಹೋಗೋಣ" ಎಂದರು. ನಮ್ಮಲ್ಲಿ ರಾಗಿ ಹೊಲದ ನಡುನಡುವೆ ಅಕ್ಕಡಿ ಸಾಲೆಂದು ಅವರೆ ಬಿತ್ತುವುದುಂಟು. ಒಂದು ಬೆಳಿಗ್ಗೆ ಬಸ್ಸಿನಲ್ಲಿ ವಿದ್ಯಾರ್ಥಿಗಳನ್ನೆಲ್ಲ ಕರೆದುಕೊಂಡು ನಮ್ಮ ಹೊಲಕ್ಕೇ ಹೋದೆವು. ನಡುಹಗಲಿನ ಬಿಸಿಲು ಏರುವವರೆಗೆ ಸುಮ್ಮನೆ ಅಲ್ಲಿ ಇಲ್ಲಿ ತಿರುಗಾಡಿಸಿದರು. ನೆತ್ತಿ ಸುಡತೊಡಗಿದಾಗ ಎಲ್ಲರನ್ನೂ ಬದುವಿನ ಮೇಲೆ ಕೂರಿಸಿ ಮಾತು ಶುರು ಮಾಡಿದರು.

"ಒಂದೇ ಮಣ್ಣು, ಒಂದೇ ಬಿಸಿಲು, ಒಂದೇ ಗಾಳಿ. ಆದ್ರೂ ಈ ಎರಡು ಗಿಡ ಗಾಳಿಯಿಂದ ಇಂಗಾಲ ಹಿಡಿಯೋ ರೀತಿ ಬೇರೆ. ಅವರೆ ಎಲೆಯೊಳಗೆ ಒಂದು ಕಿಣ್ವ ಇದೆ. ಇಂಗಾಲದ ಡೈಆಕ್ಸೈಡ್ ಹಿಡಿಯೋದು ಅದರ ಕೆಲಸ. ಆದ್ರೆ ಅದು ಎಡವುತ್ತೆ. ಬಿಸಿಲು ಏರಿದ ಹಾಗೆಲ್ಲ ಆಮ್ಲಜನಕಾನೂ ಹಿಡಿದ್ಬಿಡುತ್ತೆ. ಆ ತಪ್ಪು ಸರಿಮಾಡ್ಕೊಳ್ಳೋಕೆ ಗಿಡ ತಾನು ಗಳಿಸಿದ್ರಲ್ಲೇ ಒಂದು ಪಾಲು ಕಳ್ಕೋಬೇಕು. ಭತ್ತ, ಗೋಧಿ, ಮಾವು, ಬೇವು, ಹೆಚ್ಚುಪಾಲು ಗಿಡಗಳ ಬಾಳು ಇದೇ. ರಾಗಿಯಲ್ಲೂ ಅದೇ ಕಿಣ್ವ ಇದೆ. ಆದ್ರೆ ರಾಗಿ ಅದನ್ನ ಎಲೆಯ ನರದ ಸುತ್ತ, ಒಳಗಡೆ ಕೂರಿಸಿದೆ. ಹೊರಗಡೆ ಬೇರೆ ಕಿಣ್ವ ನಿಲ್ಲಿಸಿದೆ. ಹೊರಗಿನದು ಆಮ್ಲಜನಕದ ತಂಟೆಗೇ ಹೋಗಲ್ಲ. ಇಂಗಾಲ ಹಿಡಿದು, ಆಮ್ಲ ಮಾಡಿ, ಒಳಕ್ಕೆ ದಾಟಿಸುತ್ತೆ. ಒಳಗೆ ಅದು ಬಿಡುಗಡೆಯಾದಾಗ ಅಲ್ಲೆಲ್ಲ ಇಂಗಾಲದ ಡೈಆಕ್ಸೈಡೇ ತುಂಬಿರುತ್ತೆ. ಪಾಪ, ಒಳಗೆ ಕೂತಿರೋದಕ್ಕೆ ತಪ್ಪು ಮಾಡೋಕೆ ಅವಕಾಶಾನೇ ಕಡಿಮೆ. ಜೋಳ, ಕಬ್ಬು, ನಿಮ್ಮ ಕಾಲಡಿ ಇರೋ ಗರಿಕೆ, ಇವೆಲ್ಲ ಹಂಗೇ."

ನಮ್ಮವ್ವ ಮಜ್ಜಿಗೆಯ ಕೊಡ ಹೊತ್ತು ಬಂದವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಇದನ್ನೆಲ್ಲ ಕೇಳಿಸಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ತಡೆಯಲಾರದೆ ಕೇಳಿಯೇಬಿಟ್ಟಳು: "ಅಲ್ಲಾ ಕಣವ್ವಾ, ಗಾಳಿ ತಿಂದ್ಕೊಂಡೇ ಬೆಳೀತದೆ ಅಂತೀಯಲ್ಲ, ಅಂಗಾರೆ ನಾವು ಗಾಡಿಗಟ್ಲೆ ಗೊಬ್ಬರ ಯಾಕ್ ಒಡೀಬೇಕು?"

ವಿದ್ಯಾರ್ಥಿಗಳು ನಕ್ಕರು. ಮೇಡಂ ನಗಲಿಲ್ಲ. ಅವ್ವನ ಪಕ್ಕದಲ್ಲಿ ಕೂತು, "ಒಳ್ಳೇ ಪ್ರಶ್ನೆ ಅಮ್ಮ. ಮುದ್ದೆ ಗಾಳೀದು, ಉಪ್ಪು ಗೊಬ್ಬರದ್ದು ಅಂತ ಇಟ್ಕೊಳ್ಳಿ. ಉಪ್ಪಿಲ್ದೆ ಮುದ್ದೆ ಸಾರು ಇಳಿಯುತ್ತಾ? ಹಂಗಂತ ಉಪ್ಪೇ ತಿಂದು ಹೊಟ್ಟೆ ತುಂಬ್ಕೊಳ್ಳೋಕೂ ಆಗಲ್ಲ" ಎಂದರು. ಅವ್ವ ತಲೆಯಾಡಿಸಿ, "ಅಂಗೇಳು ಮತ್ತೆ" ಎಂದು ಮಜ್ಜಿಗೆ ಬಗ್ಗಿಸಿದಳು. ಮಾರನೆಯ ದಿನ ಪ್ರಯೋಗಾಲಯದಲ್ಲಿ ಅದೇ ಹೊಲದ ರಾಗಿಯ ಎಲೆಯನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ಪ್ರತಿ ನರದ ಸುತ್ತಲೂ ಹಸಿರು ಕೋಶಗಳು ಹೂವಿನ ಹಾರದಂತೆ ಸುತ್ತಿಕೊಂಡಿದ್ದವು. ಎಂ.ಎಸ್ಸಿ. ಮಾಡುವಾಗ ನಾನು ಆ ಚಿತ್ರವನ್ನು ಎಷ್ಟು ಸಲ ಬಿಡಿಸಿದ್ದೆನೋ. ನಮ್ಮ ಮನೆಯ ರಾಗಿಯಲ್ಲಿ ಅದನ್ನು ಕಂಡದ್ದು ಅದೇ ಮೊದಲು.

ಇನ್ನು ಮೂರನೆಯ ರೀತಿಯ ಗಿಡಗಳಿವೆ. ಕಾಡುಬಸಳೆ ನೀವು ನೋಡಿರುತ್ತೀರಿ. ದಪ್ಪ ಎಲೆ, ಅಂಚಿನಲ್ಲೇ ಮರಿಗಿಡಗಳು ಮೊಳೆಯುತ್ತವೆ, ಮೂತ್ರದ ಕಲ್ಲಿಗೆ ಔಷಧಿಯೆಂದು ಕೆಲವರು ಮನೆಯಂಗಳದಲ್ಲಿ ಇಟ್ಟುಕೊಳ್ಳುತ್ತಾರೆ. ಅನಾನಸು, ಕತ್ತಾಳೆ, ಪಾಪಸುಕಳ್ಳಿ ಕೂಡ ಇದೇ ಜಾತಿಯ ನಡವಳಿಕೆಯವು. ಒಣ ಬಿಸಿಲಿನಲ್ಲಿ ಎಲೆಯ ರಂಧ್ರಗಳನ್ನು ತೆರೆದರೆ ಮೈಯಲ್ಲಿರುವ ನೀರೆಲ್ಲ ಆರಿಹೋಗುತ್ತದೆ. ಅದಕ್ಕೆ ಇವು ಹಗಲು ಮುಚ್ಚಿಕೊಂಡು ಇರುಳಿನ ತಂಪಿನಲ್ಲಿ ರಂಧ್ರ ತೆರೆಯುತ್ತವೆ. ಆಗ ಒಳಗೆ ಬಂದ ಇಂಗಾಲವನ್ನು ಆಮ್ಲವಾಗಿಸಿ ಕೂಡಿಟ್ಟುಕೊಳ್ಳುತ್ತವೆ. ಬೆಳಕು ಹರಿದ ಮೇಲೆ ಆ ಆಮ್ಲವನ್ನೇ ಒಡೆದು ಸಕ್ಕರೆ ಮಾಡಿಕೊಳ್ಳುತ್ತವೆ. ಹಾಗಾಗಿ ಕಾಡುಬಸಳೆಯ ಎಲೆಯನ್ನು ಬೆಳಗಾಗುತ್ತಲೇ ಅಗಿದರೆ ಹುಳಿ. ಸಂಜೆ ಅಗಿದರೆ ಸಪ್ಪೆ. ಮೇಡಂ ಪ್ರತಿ ವರ್ಷವೂ ವಿದ್ಯಾರ್ಥಿಗಳನ್ನು ಒಂದು ದಿನ ಸೂರ್ಯೋದಯಕ್ಕೆ ಮುಂಚೆ ಕಾಲೇಜಿಗೆ ಬರಿಸಿ ಎಲೆ ತಿನ್ನಿಸುತ್ತಿದ್ದರು. ಹುಡುಗರು ಮುಖ ಕಿವುಚುತ್ತಿದ್ದರು. ಸಂಜೆ ಮತ್ತೆ ತಿನ್ನಿಸಿದಾಗ ಆಗುತ್ತಿದ್ದ ಆಶ್ಚರ್ಯ ನೋಡುವುದಕ್ಕೆ ನಾನೂ ಪ್ರತಿ ಸಲ ಹೋಗುತ್ತಿದ್ದೆ.

ಈ ಎಲೆಯ ದೆಸೆಯಿಂದಲೇ ಅವರು ಒಮ್ಮೆ ಪೆಟ್ಟು ತಿಂದರು. ಪ್ರಾಯೋಗಿಕ ಪರೀಕ್ಷೆಯ ದಿನ. ಮಧ್ಯಾಹ್ನದ ತಂಡದಲ್ಲಿದ್ದ ನಸೀಮಾ ಎಂಬ ವಿದ್ಯಾರ್ಥಿನಿಗೆ ಕಾಡುಬಸಳೆಯ ರಸದಲ್ಲಿ ಆಮ್ಲ ಎಷ್ಟಿದೆಯೆಂದು ಅಳೆಯುವ ಪ್ರಶ್ನೆ ಬಂತು. ಅವಳು ರಸಕ್ಕೆ ಸೂಚಕ ಬೆರೆಸಿ, ಬ್ಯುರೆಟ್ಟಿನ ಕೊಳವೆಯಿಂದ ಕ್ಷಾರವನ್ನು ಹನಿಹನಿಯಾಗಿ ಬಿಟ್ಟಳು. ಆಮ್ಲವೆಲ್ಲ ತೀರಿದಾಗ ರಸ ಗುಲಾಬಿ ಬಣ್ಣಕ್ಕೆ ತಿರುಗಬೇಕು, ಕೆಲವೇ ಹನಿಗಳಿಗೆ ತಿರುಗಿತು. ಆಮ್ಲ ಬಹಳ ಕಡಿಮೆ ಎಂದು ಬರೆದಳು. ಬೇರೆ ಊರಿನಿಂದ ಬಂದಿದ್ದ ಪರೀಕ್ಷಕರು ಅದರ ಮೇಲೆ ಕೆಂಪು ಗೀಟು ಎಳೆದರು.

"ಸರ್, ಇದು ಮಧ್ಯಾಹ್ನ ಕಿತ್ತ ಎಲೆ. ಬೆಳಗಿನ ಆಮ್ಲ ಅಷ್ಟೊತ್ತಿಗೆ ಖರ್ಚಾಗಿರುತ್ತೆ. ಹುಡುಗಿ ಮಾಡಿರೋದು ಸರಿ ಇದೆ" ಎಂದರು ಮೇಡಂ.

"ಮೇಡಂ, ನನಗೆ ಕೊಟ್ಟಿರೋ ಉತ್ತರದಲ್ಲಿ ಈ ಗಿಡದಲ್ಲಿ ಆಮ್ಲ ಹೆಚ್ಚು ಅಂತಿದೆ."

ಮೇಡಂ ಕುಂಡದಿಂದ ಒಂದು ಎಲೆ ಮುರಿದು ಅವರ ಮುಂದೆ ಹಿಡಿದರು. "ಬಾಯಿಗೆ ಹಾಕ್ಕೊಂಡು ನೋಡಿ ಸರ್."

"ನಾನು ಎಲೆ ತಿನ್ನೋಕೆ ಬಂದಿಲ್ಲ ಕಣ್ರೀ" ಎಂದರು ಅವರು.

ನಮ್ಮ ಕಾಲೇಜಿನ ಕಡೆಯ ಪರೀಕ್ಷಕರಾಗಿದ್ದ ಮೇಡಂ ಅಂಕಪಟ್ಟಿಗೆ ಸಹಿ ಹಾಕಲಿಲ್ಲ. ಪ್ರಾಂಶುಪಾಲರು ಬಂದರು, ಮೇಲಿನವರಿಗೆ ಫೋನ್ ಹೋಯಿತು, ಕಾಫಿ ತರಿಸಿದರು, ಯಾರೂ ಕುಡಿಯಲಿಲ್ಲ. ಕೊನೆಗೂ ನಸೀಮಾಳ ಅಂಕ ಬದಲಾಗಲಿಲ್ಲ. ಅವಳು ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. ಮೇಡಂ ಪಕ್ಕದಲ್ಲಿ ಕೂತು, "ನೀನು ಬರೆದಿದ್ದು ಸರಿ. ಅದನ್ನ ಮರೀಬೇಡ" ಎಂದಷ್ಟೇ ಹೇಳಿದರು. ಮುಂದಿನ ವರ್ಷದಿಂದ ಅವರನ್ನು ಯಾವ ಪರೀಕ್ಷಾ ಮಂಡಳಿಗೂ ಕರೆಯಲಿಲ್ಲ. ಆ ಬಗ್ಗೆ ಅವರು ಒಂದು ದಿನವೂ ದೂರಲಿಲ್ಲ. ನಸೀಮಾ ಈಗ ಬನ್ನಿಮಂಟಪದ ಕಡೆ ಒಂದು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಾಳೆ.

ಆಮೇಲೆ ಕಾಲ ಬದಲಾಯಿತು. ಎಲೆ ಗಾಳಿಯಿಂದ ಎಷ್ಟು ಇಂಗಾಲದ ಡೈಆಕ್ಸೈಡ್ ತೆಗೆದುಕೊಳ್ಳುತ್ತಿದೆ ಎಂದು ನಿಂತ ನಿಲುವಿನಲ್ಲೇ ತೋರಿಸುವ ಯಂತ್ರಗಳು ಬಂದವು. ನಮ್ಮ ಕಾಲೇಜಿಗೆ ಅಂಥದ್ದನ್ನು ಕೊಳ್ಳುವ ಶಕ್ತಿ ಇರಲಿಲ್ಲ. ಮೇಡಂ ಪರಿಚಯದವರನ್ನು ಕಾಡಿ ಬೇಡಿ ಒಂದು ದಿನದ ಮಟ್ಟಿಗೆ ತರಿಸಿದರು. ಎಲೆಗೆ ಕ್ಲಿಪ್ಪು ಸಿಕ್ಕಿಸಿದರೆ ಪರದೆಯ ಮೇಲೆ ಅಂಕಿ ಬರುತ್ತದೆ. ವಿದ್ಯಾರ್ಥಿಗಳೆಲ್ಲ ಸುತ್ತ ಮುಗಿಬಿದ್ದು ನೋಡುತ್ತಿದ್ದರು. ಅಂಕಿ ಮಾತ್ರ ಹುಚ್ಚೆದ್ದಂತೆ ಏರುತ್ತ ಇಳಿಯುತ್ತ ಕುಣಿಯಿತು. ಯಂತ್ರ ಕೆಟ್ಟಿತೆಂದೇ ನಾನು ತಿಳಿದೆ. ಮೇಡಂ ಸುತ್ತ ಒಮ್ಮೆ ನೋಡಿ, "ಎಲ್ರೂ ಹಿಂದಕ್ಕೆ ಹೋಗ್ರೋ! ನಿಮ್ಮ ಉಸಿರು ಅಳೀತಿದೆ ಅದು!" ಎಂದು ಕೂಗಿದರು. ನಾವು ಬಿಡುವ ಉಸಿರಿನಲ್ಲಿ ಸುತ್ತಲಿನ ಗಾಳಿಗಿಂತ ಎಷ್ಟೋ ಪಾಲು ಹೆಚ್ಚು ಇಂಗಾಲದ ಡೈಆಕ್ಸೈಡ್ ಇರುತ್ತದೆ. ಎಲ್ಲರೂ ದೂರ ಸರಿದ ಮೇಲೆ ಅಂಕಿ ನೆಲೆಗೊಂಡಿತು. ಹೊಸಬರು ಇದನ್ನು ನೆನಪಿಟ್ಟುಕೊಳ್ಳಿ. ಎಷ್ಟು ದುಬಾರಿಯ ಯಂತ್ರವಾದರೂ ಅದರ ಮುಂದೆ ನಿಂತು ಉಸಿರು ಬಿಡಬೇಡಿ.

ಸೆಮಿಸ್ಟರ್ ಪದ್ಧತಿ ಬಂದ ಮೇಲೆ ಹೊಲಕ್ಕೆ ಹೋಗುವುದು ನಿಂತಿತು. ಮುಂಜಾನೆ ಬರಿಸುವುದಕ್ಕೆ ಅನುಮತಿ ಬೇಕಾಯಿತು. ಅರ್ಧ ಎಲೆಯ ಪ್ರಯೋಗದ ಬದಲು ಅದರ ವಿಡಿಯೊ ತೋರಿಸತೊಡಗಿದರು. ವಿಡಿಯೊದಲ್ಲಿ ಎಲೆ ಪ್ರತಿ ಸಲವೂ ಸರಿಯಾಗಿ ಅರ್ಧವೇ ನೀಲಿಯಾಗುತ್ತಿತ್ತು. ಮೇಡಂ ನಿವೃತ್ತರಾದರು. ಅವರ ಕುರ್ಚಿಗೆ ನಾನು ಬಂದೆ. ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಯಾವ ಪ್ರಯೋಗ ಕೈಬಿಟ್ಟರು ಎಂದು ಕೇಳುತ್ತಿದ್ದರು. ಕೈಬಿಟ್ಟದ್ದನ್ನೆಲ್ಲ ಹೇಳುವುದಕ್ಕೆ ನನಗೆ ಸಂಕಟವಾಗುತ್ತಿತ್ತು.

ಕೊರೊನಾ ಬಂದು ಎರಡನೆಯ ಸಲ ಎಲ್ಲವೂ ಮುಚ್ಚಿದ ಬೇಸಿಗೆ. ತರಗತಿ ಫೋನಿನಲ್ಲೇ ನಡೆಯುತ್ತಿತ್ತು. ಮಕ್ಕಳ ಮುಖ ಕಾಣದೆ, ಕಪ್ಪು ಚೌಕಗಳಿಗೆ ಪಾಠ ಹೇಳಿ ಹೇಳಿ ನನಗೆ ಬೇಸರ ಹಿಡಿದಿತ್ತು. "ಮೇಡಂ, ಒಂದು ತರಗತಿ ನೀವೇ ತಗೊಳ್ಳಿ" ಎಂದು ಕೇಳಿಕೊಂಡೆ. ಅವರು ಖುಷಿಯಾಗಿ ಒಪ್ಪಿದರು. ತಾರಸಿಯ ಮೇಲಿದ್ದ ಕಾಡುಬಸಳೆಯ ಕುಂಡದ ಮುಂದೆ ಕೂತು, ಶಾರದಮ್ಮನವರ ಕೈಗೆ ಫೋನ್ ಕೊಟ್ಟು ಪಾಠ ಮಾಡಿದರು. "ಮನೇಲಿ ಈ ಗಿಡ ಇರೋರು ನಾಳೆಯಿಂದ ಬೆಳಿಗ್ಗೆ ಸಂಜೆ ಒಂದೊಂದು ಚೂರು ಅಗಿದು ನೋಡಿ, ವಾಟ್ಸಾಪ್ ಗುಂಪಿನಲ್ಲಿ ಬರೀರಿ. ನಾನೂ ಬರೀತೀನಿ" ಎಂದರು. ಎಷ್ಟೋ ತಿಂಗಳಾದ ಮೇಲೆ ಮಕ್ಕಳು ನಕ್ಕದ್ದು ಕೇಳಿಸಿತು.

ಕೆಲವು ದಿನ ಎಲ್ಲವೂ ಸರಿಯಾಗಿತ್ತು. ಒಂದು ಬೆಳಿಗ್ಗೆ ಮೇಡಂ ಫೋನ್ ಮಾಡಿದರು. "ಮಹದೇವ್, ನಮ್ಮ ಗಿಡದಲ್ಲಿ ಹುಳಿ ಇಲ್ಲ ಕಣ್ರೀ."

"ತಡವಾಗಿ ತಿಂದ್ರೇನೋ ಮೇಡಂ."

"ಇಲ್ಲ ಇಲ್ಲ, ಸೂರ್ಯ ಹುಟ್ಟೋಕ್ ಮುಂಚೆನೇ ತಿಂದೆ. ಪೂರ್ತಿ ಸಪ್ಪೆ."

ನಾವಿಬ್ಬರೂ ತರ್ಕಕ್ಕೆ ಇಳಿದೆವು. ಅವರ ಬೀದಿಗೆ ಹೊಸದಾಗಿ ಬಿಳಿಯ ದೀಪ ಹಾಕಿದ್ದರು. ಅದರ ಬೆಳಕು ತಾರಸಿಯ ಮೇಲೆ ಬೀಳುತ್ತಿತ್ತು. ಆ ಬೆಳಕಿಗೆ ಗಿಡ ರಂಧ್ರ ತೆರೆಯುತ್ತಿಲ್ಲವೇ? ಅಥವಾ ಇರುಳೂ ತಣಿಯದ ಆ ಬೇಸಿಗೆಯ ಸೆಕೆಯೇ ಕಾರಣವೇ? ನೀರು ಹೆಚ್ಚಾಯಿತೇ? ಮೇಡಂ ಕುಂಡವನ್ನು ಹಿತ್ತಲಿನ ಮರೆಗೆ ಇಳಿಸಿದರು. ಮಾರನೆಯ ಬೆಳಿಗ್ಗೆಯೂ ಹುಳಿ ಇಲ್ಲ. ಅವರ ದನಿಯಲ್ಲಿ ಉತ್ಸಾಹ ಉಕ್ಕುತ್ತಿತ್ತು. "ಇದು ನಿಜವಾಗಿದ್ರೆ ಬರೆಯೋ ಅಂಥ ವಿಷಯ ಕಣ್ರೀ. ಊರಿಗೆಲ್ಲ ಈ ದೀಪ ಹಾಕ್ತಿದಾರೆ. ಗಿಡಗಳ ಗತಿ ಏನು?" ಎಂದರು. ಆ ವಯಸ್ಸಿನಲ್ಲಿ ಅಷ್ಟು ಸಂತೋಷವಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಗುಂಪಿನಲ್ಲಿ ಮಕ್ಕಳಿಗೂ ಅದನ್ನೇ ಒಗಟಾಗಿ ಹಾಕಿದರು. ಮಕ್ಕಳು ತಮಗೆ ತೋಚಿದ್ದನ್ನು ಬರೆದರು.

ತರಕಾರಿ ಕೊಳ್ಳುವುದಕ್ಕೆಂದು ಬೆಳಿಗ್ಗೆ ಸ್ವಲ್ಪ ಹೊತ್ತು ಓಡಾಡಲು ಬಿಡುತ್ತಿದ್ದರು. ನಾನು ಚೀಲ ಹಿಡಿದು ಸ್ಕೂಟರಿನಲ್ಲಿ ಲಕ್ಷ್ಮೀಪುರಂಗೆ ಹೋದೆ. ಎಲೆಗಳನ್ನು ಮನೆಗೆ ತಂದು ಅಳೆಯೋಣ ಎಂಬುದು ನನ್ನ ಲೆಕ್ಕ. ಮೇಡಂ ಒಂದಷ್ಟು ಎಲೆ ಕಿತ್ತು ಕಾಂಪೌಂಡಿನ ಗೋಡೆಯ ಮೇಲಿಟ್ಟು ದೂರ ಸರಿದು ನಿಂತರು. ಆ ಕಾಲದಲ್ಲಿ ನಾವೆಲ್ಲ ಹಾಗೇ ನಿಲ್ಲುತ್ತಿದ್ದೆವು. ಚೀಲಕ್ಕೆ ಹಾಕುವ ಮುಂಚೆ, ಸೀಮೆಣ್ಣೆಯಷ್ಟು ವಾಸನೆಯ ಸ್ಯಾನಿಟೈಸರ್ ಹಚ್ಚಿದ್ದ ಕೈ ಒರೆಸಿಕೊಂಡು, ಮಾಸ್ಕ್ ಕೆಳಗೆಳೆದು, ಅಭ್ಯಾಸ ಬಲದಿಂದ ಒಂದು ಎಲೆಯನ್ನು ಬಾಯಿಗೆ ಹಾಕಿಕೊಂಡೆ.

ಹಲ್ಲು ಜುಮ್ಮೆನ್ನುವಷ್ಟು ಹುಳಿ ಇತ್ತು.

"ಮೇಡಂ, ಇದು ಚೆನ್ನಾಗಿ ಹುಳಿ ಇದೆಯಲ್ಲ!"

"ಸುಮ್ನಿರಿ. ನಾನು ಈಗ ತಾನೇ ತಿಂದೆ. ಇನ್ನೊಂದು ನೋಡಿ."

ಇನ್ನೊಂದನ್ನೂ ತಿಂದೆ. ಅದೂ ಹುಳಿಯೇ. ಮೇಡಂ ತಾವೂ ಒಂದು ಎಲೆ ಅಗಿದರು. ಅಗಿಯುತ್ತ ಅಗಿಯುತ್ತ ನಿಧಾನವಾದರು. ಬಾಗಿಲಲ್ಲಿ ನಿಂತಿದ್ದ ಶಾರದಮ್ಮ, "ನಾಲಗೆಗೇನಾಗಿದ್ಯೋ ಏನೋ ಕಣ್ರೀ, ಮೂರ್ನಾಲ್ಕು ದಿನದಿಂದ ಸಾರಿಗೆ ಉಪ್ಪೇ ಹಾಕಿಲ್ಲ ಅಂತ ನಂಗೆ ಬೈತಾವ್ಳೆ" ಎಂದು ನಗುತ್ತ ಹೇಳಿದರು.

ಮೇಡಂ ಆ ಮಾತಿಗೆ ನಗಲಿಲ್ಲ. "ಶಾರದಾ, ನಿಂಬೆಹಣ್ಣು ಒಂದು ಹೋಳು ಮಾಡಿ ಆ ಕಟ್ಟೆ ಮೇಲಿಡು" ಎಂದರು. ಶಾರದಮ್ಮ ಇಟ್ಟರು. ಮೇಡಂ ಅದನ್ನು ಕಚ್ಚಿದರು. ರಸ ಗಲ್ಲದವರೆಗೆ ಇಳಿಯಿತು. ಮುಖ ಒಂದಿಷ್ಟೂ ಕಿವುಚಲಿಲ್ಲ.

"ಗಿಡ ಸರಿಯಾಗಿದೆ ಮಹದೇವ್. ನಾನೇ ಸರಿ ಇಲ್ಲ" ಎಂದರು. ಆಮೇಲೆ ತಂಗಿಯ ಕಡೆ ತಿರುಗಿ, "ನೀನು ಒಳಗೆ ಹೋಗು. ಇವತ್ತಿಂದ ನನ್ನ ಹತ್ರ ಬರ್ಬೇಡ. ನನ್ನ ತಟ್ಟೆ ಲೋಟ ಬೇರೆ ಇಡು" ಎಂದರು. ಶಾರದಮ್ಮನವರಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನಿಂತುಬಿಟ್ಟರು.

ಪರೀಕ್ಷೆಯಲ್ಲಿ ಕೊರೊನಾ ಎಂದೇ ಬಂತು. ಕೆಲವು ದಿನ ಮೇಡಂ ಮಹಡಿಯ ಕೋಣೆಯಲ್ಲೇ ಇದ್ದರು. ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಮೀಟರ್ ತಂದುಕೊಟ್ಟೆ. "ಎಲೆಗೆ ಕ್ಲಿಪ್ ಹಾಕಿದ್ವಲ್ಲ, ಹಂಗೇ ಇದೆ ಕಣ್ರೀ" ಎಂದು ಫೋನಿನಲ್ಲಿ ನಕ್ಕರು. ದಿನಾ ಅಂಕಿ ಓದಿ ಹೇಳುತ್ತಿದ್ದರು. ಅಂಕಿ ಇಳಿಯುತ್ತಿತ್ತು. ಬೆರಳು ತಣ್ಣಗಿದ್ದರೆ ತಪ್ಪು ತೋರಿಸಬಹುದು, ಕೈ ಉಜ್ಜಿಕೊಂಡು ನೋಡಿ ಎನ್ನುತ್ತಿದ್ದೆ. ಅವರು ಉಜ್ಜಿಕೊಂಡು ನೋಡುತ್ತಿದ್ದರು. ತಪ್ಪು ಅಂಕಿಯದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಹಾಸಿಗೆ ಹುಡುಕುವುದಕ್ಕೆ ಪಟ್ಟ ಪಾಡು ಆಗ ಯಾರ ಮನೆಯಲ್ಲಿ ಇರಲಿಲ್ಲ? ಕೊನೆಗೆ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಆಸ್ಪತ್ರೆಯಲ್ಲಿ ಮಾಡಿಸಿಕೊಟ್ಟ. ಆಂಬುಲೆನ್ಸಿಗೆ ಹತ್ತುವಾಗ ಶಾರದಮ್ಮನವರನ್ನು ಹತ್ತಿರಕ್ಕೆ ಬಿಡಲಿಲ್ಲ. ನಾನು ರಸ್ತೆಯ ಆಚೆ ನಿಂತಿದ್ದೆ. ಮೇಡಂ ಕೈ ಎತ್ತಿದರು. ಹೋಗಿ ಎಂದರೋ, ಬರುತ್ತೇನೆ ಎಂದರೋ ತಿಳಿಯಲಿಲ್ಲ.

ಆಸ್ಪತ್ರೆಯಿಂದ ಅವರು ನನಗೆ ಮಾಡಿದ್ದು ಒಂದೇ ಕರೆ. ಮೂಗಿಗೆ ಕೊಳವೆ ಹಾಕಿದ್ದರಿಂದ ಮಾತು ತುಂಡುತುಂಡಾಗಿ ಬರುತ್ತಿತ್ತು.

"ಮಕ್ಕಳಿಗೆ ಹೇಳಿದ್ರಾ?"

"ಏನು ಮೇಡಂ?"

"ಗುಂಪಿನಲ್ಲಿ ಹಾಕಿ. ಗಿಡದಲ್ಲಿ ಹುಳಿ ಇತ್ತು. ನೋಡಿದೋರ ನಾಲಗೆಗೆ ಗೊತ್ತಾಗ್ಲಿಲ್ಲ ಅಂತ. ಕಾರಣಾನೂ ಬರೀರಿ."

"ಈಗ ಅದೆಲ್ಲ ಯಾಕೆ ಮೇಡಂ? ಹುಷಾರಾಗಿ ಬನ್ನಿ, ನೀವೇ ಹೇಳೋರಂತೆ."

"ಅವ್ರು ತಪ್ಪು ಕಲ್ತ್ಬುಡ್ತಾರೆ ಕಣ್ರೀ. ದೀಪದ ಬೆಳಕಿಗೆ ಹುಳಿ ಹೋಯ್ತು ಅಂತ ಎಲ್ಲಾದ್ರೂ ಬರೆದ್ಬುಟ್ರೆ? ಇವತ್ತೇ ಹಾಕಿ."

ಹಾಕುತ್ತೇನೆ ಎಂದೆ. ಉಸಿರು ಕಟ್ಟುತ್ತಿದೆ, ಇಡುತ್ತೇನೆ ಎಂದರು. ನಾನು ಗುಂಪಿನಲ್ಲಿ ಅವರು ಹೇಳಿದಂತೆಯೇ ಬರೆದೆ. ಬರೆದು ಕಳಿಸುವುದಕ್ಕೆ ಬಹಳ ಹೊತ್ತು ಹಿಡಿಯಿತು. ಆಮೇಲೆ ಒಬ್ಬಳು, "ನಾಳೆ ಬೆಳಿಗ್ಗೆ ನಾವೆಲ್ಲಾ ಮೇಡಂ ಪರವಾಗಿ ತಿಂದು ಬರೀತೀವಿ ಸರ್" ಎಂದು ಹಾಕಿದಳು. ಮಾರನೆಯ ಬೆಳಿಗ್ಗೆ ಒಬ್ಬೊಬ್ಬರಾಗಿ ಬರೆದರು: ಹುಳಿ ಇದೆ ಮೇಡಂ. ತುಂಬಾ ಹುಳಿ ಇದೆ ಮೇಡಂ. ಅದನ್ನು ಅವರು ನೋಡಿದರೋ ಇಲ್ಲವೋ ಎಂದು ತಿಳಿಯುವ ದಾರಿ ಇರಲಿಲ್ಲ. ಒಂದೆರಡು ದಿನದ ಮೇಲೆ ಶಾರದಮ್ಮ ಫೋನ್ ಮಾಡಿ, "ಅಕ್ಕ ಹೊರಟೋದ್ಲು ಕಣ್ರೀ" ಎಂದರು. ಮಣ್ಣಿಗೆ ಹೋಗುವುದಕ್ಕೂ ನಮ್ಮನ್ನು ಬಿಡಲಿಲ್ಲ. ಯಾರೋ ಅಪರಿಚಿತರು ಮೈತುಂಬ ಬಿಳಿ ಬಟ್ಟೆ ತೊಟ್ಟು ಆ ಕೆಲಸ ಮುಗಿಸಿದರು.

ಸಪ್ಪೆಯೆನಿಸಿದ ಮೊದಲನೆಯ ದಿನವೇ ನಾಲಗೆಯನ್ನು ಅನುಮಾನಿಸಿದ್ದರೆ ಉಳಿಯುತ್ತಿದ್ದರೇ? ಪರಿಚಯದ ವೈದ್ಯರೊಬ್ಬರನ್ನು ಕೇಳಿದೆ. "ಹಾಗೆ ಹೇಳೋಕಾಗಲ್ಲ. ಬಹುಶಃ ಇಲ್ಲ" ಎಂದರು. ಆ ಬಹುಶಃ ಎಂಬ ಮಾತು ನನ್ನ ಜೊತೆ ಉಳಿದಿದೆ. ಊರಿಡೀ ಅದೇ ಕಾಯಿಲೆಯ ಸುದ್ದಿ ಇರುವಾಗ ಇಬ್ಬರು ಸಸ್ಯಶಾಸ್ತ್ರದ ಮೇಷ್ಟ್ರುಗಳು ಬೀದಿ ದೀಪದ ಬಗ್ಗೆ ಚರ್ಚೆ ಮಾಡುತ್ತ ಕೂತಿದ್ದೆವು.

ಊರು ಮತ್ತೆ ತೆರೆದ ಮೇಲೆ ಶಾರದಮ್ಮನವರನ್ನು ನೋಡಲು ಹೋದೆ. ಹೊಲಿಗೆ ಯಂತ್ರಗಳ ಮೇಲೆ ಬಟ್ಟೆ ಹೊದಿಸಿದ್ದರು. ಕಾಫಿ ಕೊಟ್ಟು ಎದುರಿಗೆ ಕೂತರು. ಅವರೇ ಕೇಳಿದರು: "ಕೊನೇಲಿ ನಿಮ್ಗೆ ಫೋನ್ ಮಾಡಿದ್ಲಂತಲ್ಲ. ಏನಂದ್ಲು?"

ಏನಾದರೂ ಒಳ್ಳೆಯ ಮಾತು ಕಟ್ಟಿ ಹೇಳಬಹುದಿತ್ತು. ಆಗಲಿಲ್ಲ. "ಎಲೆ ವಿಷಯ ಮಾತಾಡಿದ್ರು. ಮಕ್ಕಳಿಗೆ ಸರಿಯಾಗಿ ತಿಳಿಸಿ ಅಂದ್ರು" ಎಂದೆ.

ಶಾರದಮ್ಮ ಲೋಟವನ್ನು ಕೆಳಗಿಟ್ಟರು. "ನೋಡಿ, ಒಂದೇ ಮನೇಲಿ ಇಷ್ಟು ವರ್ಷ ಇದ್ವಿ. ಮುಂಜಾನೆ ಎದ್ದು ಅವಳಿಗೆ ಡಬ್ಬಿ ಕಟ್ಟಿ ಕಳಿಸ್ತಿದ್ದೆ. ಆವತ್ತು ಫೋನ್ ಹಿಡ್ಕೊಂಡು ನಿಂತಿದ್ನಲ್ಲ, ಕೈ ಅಲ್ಲಾಡಿಸ್ಬೇಡ ಕಣೇ ಅಂತ ಗದರಿಸ್ಕೊಳ್ಳೋದ್ರಲ್ಲೇ ಆಯ್ತು. ಪಾಠ ಕಿವಿಗೇ ಬೀಳ್ಲಿಲ್ಲ. ಅದೇನು ಎಲೆ, ಅದೇನು ಹುಳಿ, ನಂಗೆ ಗೊತ್ತಿಲ್ಲ. ಬೇಜಾರಿಲ್ದಿದ್ರೆ ಹೇಳ್ತೀರಾ?"

ನಾನು ಹೇಳಿದೆ. ಮೊದಲ ವರ್ಷದ ಮಕ್ಕಳಿಗೆ ಹೇಳುವಂತೆ ಬುಡದಿಂದ ಶುರು ಮಾಡಿದೆ. ಎಲೆಯ ರಂಧ್ರ, ಒಳಗೆ ಬರುವ ಗಾಳಿ, ಅದರಲ್ಲಿರುವ ಇಂಗಾಲ, ಅದು ಸಕ್ಕರೆಯಾಗುವುದು. ಅನ್ನದ ಭತ್ತ ಹಿಡಿಯುವ ರೀತಿ ಒಂದು, ಮುದ್ದೆಯ ರಾಗಿ ಹಿಡಿಯುವ ರೀತಿ ಇನ್ನೊಂದು, ಹಿತ್ತಲಿನ ಕಾಡುಬಸಳೆಯದು ಮತ್ತೊಂದು. ಶಾರದಮ್ಮ ಕಣ್ಣು ಮಿಟುಕಿಸದೆ ಕೇಳಿದರು. ನಡುವೆ, "ಅಂದ್ರೆ ಬಿಸಿಲಲ್ಲಿ ಬಾಗ್ಲು ತೆಗೆದ್ರೆ ನೀರು ಹೋಗ್ಬಿಡುತ್ತೆ ಅಂತ ರಾತ್ರಿನೇ ಸಾಮಾನು ತಂದಿಟ್ಕೊಳುತ್ತೆ, ಅಲ್ವಾ?" ಎಂದರು. ಅಷ್ಟು ಬೇಗ ಹಿಡಿದುಕೊಂಡವರು ನನ್ನ ತರಗತಿಯಲ್ಲಿ ಕಡಿಮೆ. ಹೌದು ಎಂದೆ.

ಮುಗಿಸಿ ಹೊರಡಲು ಎದ್ದು ನಿಂತೆ. ಶಾರದಮ್ಮ ಇನ್ನೂ ಕೂತೇ ಇದ್ದರು.

"ಇಷ್ಟೇನಾ? ಇದು ನಂಗೂ ಅರ್ಥವಾಗೋ ಅಂಥದ್ದೇ ಅಲ್ವಾ?"

"ಖಂಡಿತ ಅರ್ಥವಾಗುತ್ತೆ. ಬಹುಶಃ ನೀವು ಯಾವತ್ತೂ ಕೇಳಿರಲಿಲ್ಲವೇನೋ" ಎಂದೆ, ಸಮಾಧಾನಕ್ಕೆ.

"ಕೇಳಿದ್ದೆ" ಎಂದರು ಶಾರದಮ್ಮ. "ಎಷ್ಟೋ ಸಲ ಕೇಳಿದ್ದೆ. ಈಗ ಟೈಮಿಲ್ಲ, ಆಮೇಲೆ ಹೇಳ್ತೀನಿ ಬುಡು ಅಂತಿದ್ಲು."

ಅವರು ಕಣ್ಣೊರೆಸಿಕೊಂಡು, "ಆ ರಾಗೀದು ಇನ್ನೊಂದ್ ಸಲ ಹೇಳಿ, ಅಲ್ಲಿ ಸ್ವಲ್ಪ ತಪ್ಪೋಯ್ತು ನಂಗೆ" ಎಂದರು. ನಾನು ಮತ್ತೆ ಕೂತೆ.